ಒಳಗೇನಿದೆ ಎಂದು ಕೇಳದೆ ಶೈಲಶ್ರೀ ಫೋನು ಮುಟ್ಟುವುದಿಲ್ಲ

ತಿಳವಳ್ಳಿಯ ಬಸ್ ನಿಲ್ದಾಣದಲ್ಲಿ ಹಾನಗಲ್ಲಿನ ಮೊದಲ ಬಸ್ಸು ಇನ್ನೂ ಗುರುಗುಡುತ್ತ ನಿಂತಿದೆ. ಎದುರಿನ ಸಾಲಿನಲ್ಲಿ ಚಹಾದಂಗಡಿ ಬಿಟ್ಟರೆ ಬಾಗಿಲು ತೆರೆದಿರುವುದು ಶೈಲಶ್ರೀಯವರ ಮೊಬೈಲ್ ಅಂಗಡಿ ಒಂದೇ. ಅಂಗಡಿ ಎಂದರೆ ಒಂದು ಮೇಜು, ಒಂದು ದೀಪ, ಗಿರಾಕಿಗಳಿಗೆ ಒಂದು ಬೆಂಚು. ಹೊರಗೆ ಕಸ ಗುಡಿಸಿ, ನೀರು ಚಿಮುಕಿಸಿ ಅವರು ಕೂರುವಷ್ಟರಲ್ಲಿ ಆಡೂರಿನ ಅಜ್ಜಪ್ಪ ಬೆಂಚಿನ ಮೇಲೆ ಕುಳಿತಾಗಿದೆ. ಅವರ ಫೋನಿನಲ್ಲಿ ಧ್ವನಿ ಮುದ್ರಿಸುವ ಆ್ಯಪ್ ತೆರೆಯುತ್ತಿಲ್ಲ. ಒತ್ತಿದರೆ ಕ್ಷಣಹೊತ್ತು ಬಿಳಿ ಪರದೆ ಬರುತ್ತದೆ, ಮತ್ತೆ ಮಾಯವಾಗುತ್ತದೆ.

ಶೈಲಶ್ರೀ ಫೋನಿಗೆ ಕೈ ಚಾಚುವುದಿಲ್ಲ. "ಇದರಾಗ ಏನೈತ್ರಿ ಕಾಕಾರ?" ಎಂದು ಕೇಳುತ್ತಾರೆ.

"ಏನೂ ಇಲ್ಲವ್ವ. ಎಲ್ಲಾ ಅಳಿಸಿ ಹೊಸದಾಗಿ ಹಾಕಿಬಿಡು."

"ಹಂಗಾರ ಸ್ವಲ್ಪ ಕುಂದರ್ರಿ" ಎಂದು ಅವರು ಚಹಾ ಹೇಳಿ ಕಳಿಸುತ್ತಾರೆ. ಏನೂ ಇಲ್ಲದ ಫೋನು ಹಿಡಿದು ಆಡೂರಿನಿಂದ ಇಷ್ಟು ನಸುಕಿನಲ್ಲಿ ಯಾರೂ ಬರುವುದಿಲ್ಲ ಎಂಬುದು ಅವರಿಗೆ ಗೊತ್ತು.

ಈ ಸೀಮೆಯ ಮಂದಿಗೆ ಫೋನಿನಲ್ಲಿರುವುದನ್ನು ಹೇಳಿಕೊಳ್ಳಲು ಭಾರೀ ಸಂಕೋಚ. ಜೊತೆಗೆ, ಅಳಿಸಿದರೆ ಕೆಟ್ಟದ್ದಷ್ಟೇ ಹೋಗಿ ಒಳ್ಳೆಯದು ತಾನಾಗಿ ಉಳಿಯುತ್ತದೆ ಎಂಬ ಗಟ್ಟಿ ನಂಬಿಕೆ ಬೇರೆ. ಶೈಲಶ್ರೀಯವರ ದಿನದ ಅರ್ಧ ಕೆಲಸ ಈ ನಂಬಿಕೆಯನ್ನು ತಡೆಯುವುದೇ ಆಗಿದೆ. ತೆರೆಯದ ಆ್ಯಪುಗಳಲ್ಲಿ ಬಹುಪಾಲಿನದು ಒಂದೇ ಕಾಯಿಲೆ. ಬೇಗ ತೆರೆದುಕೊಳ್ಳಲೆಂದು ಆ್ಯಪ್ ಕೈಗೆಟಕುವಂತೆ ಇಟ್ಟುಕೊಂಡ ಚೂರುಪಾರು ಫೈಲುಗಳಿಗೆ ಕ್ಯಾಶ್ ಎನ್ನುತ್ತಾರೆ. ಫೋನಿನಲ್ಲಿ ಜಾಗ ತುಂಬಿ ಹೋದಾಗ ಅವು ಅರ್ಧಂಬರ್ಧ ಬರೆಯಲ್ಪಟ್ಟು ಕೆಡುತ್ತವೆ. ಆ್ಯಪ್ ತೆರೆಯುವಾಗ ಅವನ್ನೇ ಓದಲು ಹೋಗಿ ಮುಗ್ಗರಿಸುತ್ತದೆ.

ಗಿರಾಕಿಗಳಿಗೆ ಅವರು ಹೇಳುವ ರೀತಿ ಇನ್ನೂ ಸುಲಭ. "ಕ್ಯಾಶ್ ಅಂದ್ರ ರೊಟ್ಟಿ ಬಡದ ಮ್ಯಾಲ ಕಲ್ಲಿನ ಮ್ಯಾಲ ಉಳದ ಹಿಟ್ಟು. ಜಾಡಿಸಿದ್ರ ಏನೂ ಆಗೂದಿಲ್ಲ. ಡೇಟಾ ಅಂದ್ರ ಹಿಟ್ಟಿನ ಡಬ್ಬಿ. ಫೋನಿನ್ಯಾಗ ಎರಡೂ ಗುಂಡಿ ಬಾಜೂಕ ಬಾಜೂಕ ಅದಾವ. ಮಂದಿ ಕಲ್ಲು ಜಾಡಸಾಕ ಹೋಗಿ ಡಬ್ಬೀನ ಬೋರಲು ಹಾಕ್ತಾರ."

ಹಿಟ್ಟಿನ ಡಬ್ಬಿ ಬೋರಲಾಗಿದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿ ಅವರ ತವರು. ಕೆಲಸ ಕಲಿತದ್ದು ಸವಣೂರಿನ ನುಜಹತ ಅವರ ಅಂಗಡಿಯಲ್ಲಿ. ಕಲಿಯುವ ದಿನಗಳಲ್ಲಿ ಹೊಲಿಗೆ ಮಾಡುವ ಗುಲ್ನಾರ ಎಂಬವರು ಬಂದು, ಒಳಗೆ ಏನೂ ಇಲ್ಲ ಎಂದರಂತೆ. ಶೈಲಶ್ರೀ ನಂಬಿ ಡೇಟಾ ಅಳಿಸಿದರು. ಗುಲ್ನಾರ ಫೋನಿನಲ್ಲಿ ತಾವೇ ಬರೆದಿಟ್ಟ ಕಸೂತಿ ಚಿತ್ರಗಳೆಲ್ಲ ಹೋದವು. ಆಕೆ ಜಗಳವಾಡಲಿಲ್ಲ, ಸೆರಗಿನಲ್ಲಿ ಮುಖ ಮುಚ್ಚಿ ಕುಳಿತರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ಎನ್ನುತ್ತಾರೆ ಶೈಲಶ್ರೀ. ಒಳಗೇನಿದೆ ಎಂದು ಗಿರಾಕಿ ಬಾಯಿಬಿಟ್ಟು ಹೇಳದೆ ಫೋನು ಮುಟ್ಟಬಾರದೆಂಬ ಪಾಠವನ್ನು ನುಜಹತ ಅಂದೇ ಕಲಿಸಿದರು.

ಮದುವೆಯಾಗಿ ತಿಳವಳ್ಳಿಗೆ ಬಂದು ಅಂಗಡಿ ಹಾಕಿದಾಗ ಇನ್ನೊಂದು ಪೇಚು. ಬಂದವರೆಲ್ಲ ಒಳಗೆ ಇಣುಕಿ, ಗಂಡಸರು ಯಾರೂ ಇಲ್ಲವೇ ಎಂದು ಕೇಳುತ್ತಿದ್ದರು. ಗಂಡ ಮೈಲಾರಲಿಂಗ ಗೋವಿನಜೋಳದ ಲಾರಿ ಓಡಿಸುವವರು, ಫೋನೆಂದರೆ ಮಾತಾಡುವುದಷ್ಟೇ ಗೊತ್ತು. ಆದರೂ ಗಿರಾಕಿಗಳು ಅವರು ಬರುವವರೆಗೆ ಕಾದು, ಅವರ ಕೈಗೇ ಫೋನು ಕೊಡುತ್ತಿದ್ದರು. ಮೈಲಾರಲಿಂಗ ಗಂಭೀರವಾಗಿ ಅತ್ತಿತ್ತ ತಿರುಗಿಸಿ ನೋಡಿ ಹೆಂಡತಿಯ ಮೇಜಿಗೆ ಇಡುತ್ತಿದ್ದರು. ಈಗ ಹಿರೇಕೆರೂರಿನಿಂದಲೂ ಬಸ್ಸು ಹತ್ತಿ ಬರುತ್ತಾರೆ, ಮೈಲಾರಲಿಂಗನನ್ನು ಯಾರೂ ಕೇಳುವುದಿಲ್ಲ.

ಬೆಂಚಿನ ಮೇಲೆ ಅಜ್ಜಪ್ಪನ ಚಹಾ ಮುಗಿದಿದೆ. ಬಸ್ಸು ಹೊರಟು, ಕೇಳುವ ಕಿವಿಗಳು ಕಡಿಮೆಯಾದ ಮೇಲೆ ಅವರು ಬಾಯಿಬಿಡುತ್ತಾರೆ. ಅವರು ದೊಡ್ಡಾಟ ಕಲಿಸುವ ಮಾಸ್ತರರು. ಈ ಸಲ ರಾಣಿಯ ಪಾತ್ರ ಸೊಸೆ ಮಂಜುಳಾಳದು. ಆಸೆ ಆಕೆಯದೇ, ಕಲಿಸುವ ಉಮೇದು ಇವರದು. ಆದರೆ ಅವರ ಮನೆಯಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುವ ರೂಢಿಯೇ ಇಲ್ಲ, ಹಾಡುವುದಂತೂ ದೂರ. ಅದಕ್ಕೆ ಇಬ್ಬರೂ ಉಪಾಯ ಹುಡುಕಿಕೊಂಡಿದ್ದಾರೆ. ಅಜ್ಜಪ್ಪ ಒಂದು ಪದ ಹಾಡಿ ಮುದ್ರಿಸಿ ಫೋನನ್ನು ಪಡಸಾಲೆಯ ಗೂಡಿನಲ್ಲಿಡುತ್ತಾರೆ. ಮಂಜುಳಾ ಅದನ್ನು ಕೇಳಿ ಕಲಿತು, ತನ್ನ ದನಿಯಲ್ಲಿ ಹಾಡಿ, ಮತ್ತೆ ಗೂಡಿನಲ್ಲಿಡುತ್ತಾಳೆ. ರಾಣಿಯ ಇಡೀ ಪಾತ್ರ ಹೀಗೇ ಆ ಗೂಡಿನಲ್ಲೇ ಬೆಳೆದಿದೆ. ಆಟ ಮುಂದಿನ ಹುಣ್ಣಿಮೆಗೆ.

"ಮಾವ ರಾಣಿ ದನೀಲೆ ಹಾಡ್ತಾನಂದ್ರ ಮಂದಿ ನಗೂದಿಲ್ಲೇನವ್ವ?" ಎಂದು ಅವರು ನೆಲ ನೋಡುತ್ತಾರೆ.

ಶೈಲಶ್ರೀ ನಗುವುದಿಲ್ಲ. ಈಗ ಫೋನು ಕೈಗೆತ್ತಿಕೊಳ್ಳುತ್ತಾರೆ. ತಾಲೀಮಿನ ವಿಡಿಯೋಗಳಿಂದ ಫೋನು ಉಸಿರಾಡಲೂ ಜಾಗವಿಲ್ಲದಂತೆ ತುಂಬಿದೆ. ಅವನ್ನೆಲ್ಲ ಬೇರೆ ಕಾರ್ಡಿಗೆ ಸಾಗಿಸುತ್ತಾರೆ. ಆ್ಯಪನ್ನು ಪೂರ್ತಿ ನಿಲ್ಲಿಸುತ್ತಾರೆ. ಕ್ಯಾಶ್ ಅಳಿಸುವ ಗುಂಡಿಯ ಹತ್ತಿರ ಬಂದು ತಡೆಯುತ್ತಾರೆ. ಹಾಡುವಾಗಲೇ ಆ್ಯಪ್ ಕೆಟ್ಟಿದ್ದರೆ ಆ ಕೊನೆಯ ಹಾಡು ಇನ್ನೂ ಹಿಟ್ಟಿನ ಡಬ್ಬಿ ಸೇರಿರುವುದಿಲ್ಲ, ಕಲ್ಲಿನ ಮೇಲೇ ಇರುತ್ತದೆ. ಅಲ್ಲಿಂದ ಅದೊಂದನ್ನೇ ಎತ್ತಿಕೊಳ್ಳಲು ಬರುವುದಿಲ್ಲ. ಅಜ್ಜಪ್ಪನನ್ನು ಕೇಳಿದರೆ, ನಿನ್ನೆ ಕೊನೆಗೆ ಹಾಡಿದವಳು ಮಂಜುಳಾ, ರಾಣಿಯ ಕಡೆಯ ಪದ. ಅವರು ಅದನ್ನು ಇನ್ನೂ ಕೇಳಿಲ್ಲ.

"ಅದೊಂದು ಹೋಗಬಹುದು ಕಾಕಾರ. ಉಳದದ್ದೆಲ್ಲಾ ಉಳಸ್ತೇನಿ. ನೀವು ಹ್ಞೂಂ ಅಂದ್ರ ಒತ್ತತೇನಿ."

ಅಜ್ಜಪ್ಪ ಹ್ಞೂಂ ಎಂದು ತಲೆಯಾಡಿಸುತ್ತಾರೆ. ಶೈಲಶ್ರೀ ಒತ್ತಿ, ಆ್ಯಪ್ ತೆರೆಯುತ್ತಾರೆ. ಬಿಳಿ ಪರದೆ ಬರುತ್ತದೆ, ಈ ಸಲ ಮಾಯವಾಗುವುದಿಲ್ಲ. ಮಾವನ ಪದ, ಸೊಸೆಯ ಪದ, ಒಂದರ ಕೆಳಗೊಂದು ತೆರೆದುಕೊಳ್ಳುತ್ತವೆ. ಕಡೆಯ ಪದ ಮಾತ್ರ ಇಲ್ಲ.

ಅಜ್ಜಪ್ಪ ಅಲ್ಲೇ ಕುಳಿತು ಮನೆಗೆ ಫೋನು ಹಚ್ಚುತ್ತಾರೆ. "ಮಂಜುಳಾ, ನಿನ್ನ ಕಡೀ ಪದ ಹೋತವ್ವ. ನಾ ಕೇಳಬೇಕು. ಈಗ ಹಾಡ್ತೀಯೇನು?"

ಆ ಕಡೆ ಬರೀ ಕೋಳಿ ಕೂಗುವ ಸದ್ದು. ಸೊಸೆ ಫೋನು ಇಟ್ಟೇಬಿಟ್ಟಳು ಎಂದುಕೊಳ್ಳುವಷ್ಟರಲ್ಲಿ ಮೆಲ್ಲಗೆ ಹಾಡು ಶುರುವಾಗುತ್ತದೆ. ಎರಡನೇ ಸಾಲಿಗೆ ಸಂಕೋಚ ಹರಿದು ದನಿ ಏರುತ್ತದೆ. ಅಜ್ಜಪ್ಪ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಾರೆ. ಮುಂದಿನ ಗಿರಾಕಿ ಫೋನು ಚಾಚಿದರೆ ಶೈಲಶ್ರೀ ಕಣ್ಣಲ್ಲೇ ತಡೆಯುತ್ತಾರೆ.

ಅಜ್ಜಪ್ಪ ಆಡೂರಿನ ದಾರಿ ಹಿಡಿದ ಮೇಲೆ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಶೈಲಶ್ರೀ ದೊಡ್ಡದೇನೂ ಹೇಳುವುದಿಲ್ಲ.

"ಹುಣ್ಣಿವಿ ದಿನ ಅಂಗಡಿ ಲಗೂನ ಬಂದ್ ಮಾಡ್ತೇನ್ರಿ. ರಾಣಿ ಕಡೀ ಪದ ಹಾಡೂ ಮುಂದ ನಾ ಮುಂದಿನ ಸಾಲಿನ್ಯಾಗ ಕುಂತಿರಬೇಕು. ಗುಲ್ನಾರ ಅವರ ಚಿತ್ರಾ ಬಿಟ್ರ ನನ್ನ ಕೈಯಾಗ ಹೋದದ್ದು ಅದೊಂದ ನೋಡ್ರಿ."