ಮಾತ್ರೆಗೂ ಕಾಫಿಗೂ ನಡುವೆ

ಟೊರೆನ್ಸ್ ಊರಿನ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ ಅಂಚು ನೆಗ್ಗಿದ ಸ್ಟೀಲಿನ ಕಾಫಿ ಫಿಲ್ಟರೂ ಅದರ ಮಗ್ಗುಲಲ್ಲೇ ನನ್ನ ಥೈರಾಯ್ಡ್ ಮಾತ್ರೆಯ ಡಬ್ಬಿಯೂ ಹಳೆಯ ಗೆಳತಿಯರಂತೆ ಕೂತಿರುತ್ತವೆ. ಈ ಗೆಳೆತನವೇ ನನ್ನ ಕಷ್ಟಕ್ಕೆ ಮೂಲವಾಯಿತೆಂದರೆ ನೀವು ನಗುತ್ತೀರಿ. ನಗಿ, ಈಗ ನನಗೂ ನಗು ಬರುತ್ತದೆ.

ಕಳೆದ ವರ್ಷ ಬರುತ್ತಿರಲಿಲ್ಲ. ಬೀದಿಯುದ್ದಕ್ಕೂ ಜಕರಾಂಡ ಮರಗಳು ಸುರಿಸಿದ ನೇರಳೆ ಹೂ ನನ್ನ ಕಣ್ಣಿಗೆ ಬರೀ ಗುಡಿಸಬೇಕಾದ ಕಸ. ಒಗ್ಗರಣೆಯ ಇಂಗು ಮೂಗಿಗೆ ಬಂದರೂ ಮನಸ್ಸಿನವರೆಗೆ ಬರುತ್ತಿರಲಿಲ್ಲ. ದುಃಖವಾದಾಗ ದೇವರು ಕೊಟ್ಟದ್ದನ್ನು ನೆನೆಯಬೇಕೆಂದು ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರಲ್ಲ, ನೆನೆದೆ. ಎಲ್ಲವೂ ಇತ್ತು, ನಾನೊಬ್ಬಳೇ ಇರಲಿಲ್ಲ. ಕೊನೆಗೆ ಇದು ವೈರಾಗ್ಯವೇ ಇರಬೇಕೆಂದು ಒಳಗೊಳಗೇ ಕೊಂಚ ಬೀಗಿದ್ದೂ ಉಂಟು. ಕಾಫಿಪುಡಿಯ ಡಬ್ಬಿಗೆ ಇವರು ಒದ್ದೆ ಚಮಚ ಹಾಕಿದರೂ ಸುಮ್ಮನಿದ್ದೆನೆಂದರೆ ನೋಡಿ! ಅದನ್ನು ಕಂಡು ಹೆದರಿದವಳು ಮಗಳು ಅನನ್ಯ.

"ಅಮ್ಮಾ, ಯು ಡೋಂಟ್ ಈವನ್ ಯೆಲ್ ಅಟ್ ಅಪ್ಪ ಎನಿಮೋರ್. ಐಯಾಮ್ ಸ್ಕೇರ್ಡ್."

"ನನಗೇನೋ ಆರಾಮಾಗೇ ಇದೆ ಕಣೇ," ಎಂದರು ಇವರು. ಆದರೆ ಮರುದಿನವೇ ಆಫೀಸಿಗೆ ರಜೆ ಹಾಕಿ ನನ್ನನ್ನು ಡಾಕ್ಟರ ಬಳಿ ಕರೆದೊಯ್ದರು.

ರಕ್ತಪರೀಕ್ಷೆಯ ಫಲಿತಾಂಶ ನೋಡಿದ ಡಾಕ್ಟರು, ದಿನಾ ತಪ್ಪದೆ ನುಂಗುವ ಮಾತ್ರೆಯನ್ನು ಯಾವುದರ ಜೊತೆ ನುಂಗುತ್ತೀರೆಂದು ಕೇಳಿದರು. ಕಾಫಿಯ ಜೊತೆ, ಮತ್ತೇನು! ಎದ್ದವಳ ಬಾಯಿಗೆ ಮೊದಲು ಬೀಳಬೇಕಾದದ್ದು ಅದೇ ಅಲ್ಲವೆ? ಆ ಕಾಫಿಯೇ ಮಾತ್ರೆ ಮೈಗೆ ಹತ್ತದಂತೆ ಅಡ್ಡಗಟ್ಟುತ್ತಿತ್ತಂತೆ. ಕೊರಳಿನ ಚಿಟ್ಟೆಯಾಕಾರದ ಗ್ರಂಥಿಯ ರಸ ಸಾಲದಾದರೆ ಮಿದುಳೂ ಮಂಕಾಗಬಹುದಂತೆ. ಎಲ್ಲ ವಿಷಾದದ ಬೇರೂ ಅಲ್ಲಿರುವುದಿಲ್ಲ. ನನ್ನದರ ಬೇರು ಬಹುಪಾಲು ಅಲ್ಲೇ ಇತ್ತು.

ಆತ್ಮದ್ದೆಂದುಕೊಂಡದ್ದು ಕೊರಳಿನದೆಂದು ತಿಳಿದಾಗ ಮೊದಲು ಪೆಚ್ಚಾದೆ, ಆಮೇಲೆ ಹಗುರಾದೆ. ಮನಸ್ಸೂ ಮೈಯ ಕೂಸೇ. ಹಸಿದು ಅಳುವ ಕೂಸಿಗೆ ಉಪದೇಶ ಮಾಡುತ್ತಾ ಕೂತಿದ್ದೆನಲ್ಲ!

ಈಗ ಬರಿಯ ನೀರಿನಲ್ಲಿ ಮಾತ್ರೆ ನುಂಗಿ ಒಂದು ಗಂಟೆ ಕಾಯುತ್ತೇನೆ. ಮೊದಮೊದಲು ಶಿಕ್ಷೆಯಂತಿದ್ದ ಆ ಗಂಟೆಯೊಳಕ್ಕೆ, ವಾರಗಳು ಉರುಳಿದಂತೆ, ಕಿಟಕಿಯಾಚೆಯ ನಿಂಬೆಗಿಡ ಬಂತು, ಎದುರುಮನೆಯ ನಾಯಿಯ ಆಕಳಿಕೆ ಬಂತು, ನೇರಳೆ ಬಣ್ಣವೂ ಬಂತು. ಮೊನ್ನೆ ಹಾಗೆ ಕಾಯುತ್ತಿದ್ದಾಗ ಇವರ ಕೈ ಪುಡಿಯ ಡಬ್ಬಿಯತ್ತ ಹೋಯಿತು.

"ರೀ! ಮತ್ತೆ ಒದ್ದೆ ಚಮಚ! ಎಷ್ಟು ಸಲ ಹೇಳೋದು ನಿಮಗೆ?"

ಮಹಡಿಯಿಂದ ಅನನ್ಯ ಕೂಗಿದಳು: "ಅಪ್ಪಾ, ಶಿ ಈಸ್ ಬ್ಯಾಕ್!"

ಬೈಸಿಕೊಂಡ ಇವರು ನಗುತ್ತಾ, ಚಮಚವನ್ನು ಬೇಕಿದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದರು. ನನ್ನ ಕಾಫಿಗಿನ್ನೂ ಸಮಯವಿತ್ತು. ಫಿಲ್ಟರಿನಿಂದೆದ್ದ ಘಮ ಮಾತ್ರ ಕಾಯಲಿಲ್ಲ. ಮೂಗು ದಾಟಿ ನೇರ ಒಳಗೆ ಬಂದುಬಿಟ್ಟಿತು.