ನನ್ನ ಕೆಂಪು ಕೆನ್ನೆ, ಗಂಡನಿಗೆ ಬೈಗುಳ

ಸ್ನೇಹಿತರೇ, ಇವತ್ತು ಬೆಳಿಗ್ಗೆ ನನ್ನ ಗಂಡ ಮಾಡದ ತಪ್ಪಿಗೆ ಬೈಸಿಕೊಂಡರು.

ನನಗೆ ರೊಸೇಶಿಯಾ ಎಂಬ ಚರ್ಮದ ತೊಂದರೆ ಇದೆ. ಬಿಸಿಲು, ಬಿಸಿ ಕಾಫಿ, ಖಾರ, ಯಾವುದಾದರೂ ಸಾಕು, ಕೆನ್ನೆ ಕೆಂಪಗಾಗಿ ಉರಿಯುತ್ತದೆ. ಮುಲಾಮಿನಲ್ಲೇ ಇರಲೋ, ಲೇಸರ್ ಮಾಡಿಸಲೋ ಎಂದು ಯೋಚಿಸುತ್ತಲೇ ಇದ್ದೇನೆ. ಇವರದು ಒಂದೇ ಮಾತು: "ಮುಲಾಮೇ ಸಾಕು ಕಣೇ."

ಇವತ್ತು ವಿಜಯನಗರ ಮಾರ್ಕೆಟ್ಟಿನಿಂದ ಬಿಸಿಲಲ್ಲೇ ನಡೆದು ಬಂದೆ. ಕರಿಬೇವು ಕೇಳಲು ಬಂದ ಎದುರುಮನೆ ಜಯಮ್ಮ ಆಂಟಿ ನನ್ನ ಮುಖ ನೋಡಿದವರೇ, ಇವರು ಬಟ್ಟೆ ಒಣಗಿಸುತ್ತಿದ್ದ ಬಾಲ್ಕನಿಗೆ ನುಗ್ಗಿದರು.

"ಏನಪ್ಪಾ, ಓದಿದೋನು ನೀನು, ಹೆಂಡ್ತಿ ಮೇಲೆ ಕೈ ಮಾಡ್ತೀಯಾ?"

ಇವರ ಕೈಯಲ್ಲಿದ್ದ ಒದ್ದೆ ಪಂಚೆ ಕೆಳಗಿನ ಮನೆಯವರ ತುಳಸಿ ಕುಂಡದ ಮೇಲೆ ಬಿತ್ತು.

"ಅಯ್ಯೋ ಆಂಟಿ, ಇದು ಚರ್ಮದ ಕಾಯಿಲೆ!" ಎಂದೆ.

"ಗಂಡನ್ನ ಬಿಟ್ಟುಕೊಡಬಾರ್ದು ಅಂತ ಎಲ್ಲಾ ಹೆಂಗಸ್ರೂ ಹೀಗೇ ಏನಾದ್ರೂ ಹೇಳೋದು. ಎರಡೂ ಕೆನ್ನೆಗೆ ಬಾರ್ಸಿದಾನಲ್ಲ!"

ಡಾಕ್ಟರು ಕೊಟ್ಟ ಮುಲಾಮು ತೋರಿಸಿದ ಮೇಲೆ ಅರ್ಧ ನಂಬಿದರು. "ವಾಸಿ ಆಗೋವರ್ಗೂ ದಿನಾ ಬಂದು ನೋಡ್ತೀನಿ" ಎಂದು ಇವರನ್ನು ದಿಟ್ಟಿಸಿ ಹೊರಟರು.

ಬಾಗಿಲು ಹಾಕಿದ ಕೂಡಲೇ ಇವರೆಂದರು: "ಲೇಸರ್‌ಗೆ ಯಾವತ್ತು ಬರ್ಬೇಕಂತೆ, ಕೇಳು. ನಾನೂ ರಜಾ ಹಾಕ್ತೀನಿ."

ನಾನಿನ್ನೂ ಏನೂ ತೀರ್ಮಾನಿಸಿಲ್ಲ. ಆದರೆ ಇವರಿಗೆ ಮಾತ್ರ ತುಂಬಾ ಅರ್ಜೆಂಟಾಗಿದೆ.