ಪಟ್ಟಿಯ ತಳದಿಂದ ಜಾರಿದ ಸೂಚನೆ

ನೀರು ಸರಬರಾಜು ಕಚೇರಿಯಲ್ಲಿ ಅವಳನ್ನು ಎಲ್ಲರೂ ಬೆರಳಮ್ಮ ಎಂದೇ ಕರೆಯುತ್ತಿದ್ದರು. ಬೆರಳು ಅಷ್ಟು ಚುರುಕು. ಟೈಪು ಯಂತ್ರದ ಕಾಲದಲ್ಲಿ ಕೆಲಸಕ್ಕೆ ಸೇರಿದವಳು, ಕಂಪ್ಯೂಟರ್ ಬಂದಾಗ ಹೆದರಿ ಅತ್ತವಳು. ಕೊನೆಗೆ ಕಚೇರಿಯ ವೆಬ್‌ಸೈಟೇ ಅವಳ ಕೊರಳಿಗೆ ಬಿತ್ತು.

ಒಂದು ಸೂಚನೆಗೆ ಒಂದು ಪುಟ. ಪುಟ ಪ್ರಕಟಿಸಿದರೆ ಸಾಕು, ಅದರ ಹೆಸರು ಮುಖಪುಟದ ‘ಹೊಸದಾಗಿ ಪ್ರಕಟವಾದವು’ ಪಟ್ಟಿಯ ನೆತ್ತಿಗೆ ತಾನೇ ಹೋಗಿ ಕೂರುತ್ತಿತ್ತು. ಪಟ್ಟಿಯಲ್ಲಿ ಐದೇ ಹೆಸರಿಗೆ ಜಾಗ. ಮೇಲೊಂದು ಬಂದರೆ ತಳದ್ದು ಮರೆಯಾಗುತ್ತಿತ್ತು. ಪುಟವೇನೂ ಅಳಿಯುತ್ತಿರಲಿಲ್ಲ, ಒಳಗೆಲ್ಲೋ ಇರುತ್ತಿತ್ತು. ಆದರೆ ಒಳಹೊಕ್ಕು ಹುಡುಕುವ ಪುರುಸೊತ್ತು ಯಾರಿಗಿತ್ತು? ಜನ ಬೆಳಿಗ್ಗೆ ಆ ಐದು ಸಾಲು ಓದುತ್ತಿದ್ದರು, ನಲ್ಲಿ ತಿರುಗಿಸುತ್ತಿದ್ದರು. ಮೇಲಿನ ಬೀದಿಯಲ್ಲಿ, ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳುತ್ತಿದ್ದ ಅವಳ ಅಕ್ಕನೂ ಹಾಗೇ.

ಅಂದು ಅವಳು ಹಾಕಿದ ಮೊದಲ ಪುಟ ಮೇಲಿನ ಬೀದಿಯದೇ. ಟ್ಯಾಂಕು ತೊಳೆದ ಔಷಧ ಇನ್ನೂ ಪೂರ್ತಿ ಹೋಗಿಲ್ಲ, ಸಂಜೆಯವರೆಗೆ ನೀರು ಪಾತ್ರೆಗೆ, ಬಟ್ಟೆಗೆ ಮಾತ್ರ, ಕುದಿಸಿಯೂ ಕುಡಿಯಬೇಡಿ. ಅದು ಮುಗಿಯುವಷ್ಟರಲ್ಲಿ ಸಾಹೇಬರು ನಿವೃತ್ತರಾಗುವ ಐವರ ಫೋಟೋ ತಂದುಕೊಟ್ಟರು. ಎಲ್ಲರನ್ನೂ ಒಂದೇ ಪುಟದಲ್ಲಿ ಕೂರಿಸಬೇಕೆಂದಿದ್ದಳು.

"ಬೆರಳಮ್ಮ, ಆ ಉಗ್ರಾಣದವನ ಪಕ್ಕ ನನ್ನ ಮುಖ ಹಾಕ್ಬೇಡ," ಎಂದ ಪೈಪು ರಿಪೇರಿಯವನು. "ಇಷ್ಟು ವರ್ಷ ಮಾತಿಲ್ಲ ಕತೆಯಿಲ್ಲ, ಹೋಗೋ ಕಾಲಕ್ಕೆ ಜೋಡಿ ಫೋಟೋನಾ?"

"ಅವನ ಮೂತಿ ಇದ್ರೆ ನಮ್ಮನೆಯವಳು ಆ ಪುಟ ತೆರೆಯೋದೇ ಇಲ್ಲ," ಎಂದ ಉಗ್ರಾಣದವನು ಬಾಗಿಲಲ್ಲೇ ನಿಂತು.

ತಲೆನೋವೇ ಬೇಡವೆಂದು ಒಬ್ಬೊಬ್ಬರಿಗೆ ಒಂದೊಂದು ಪುಟ ಮಾಡಿ, ಐದನ್ನೂ ಒಂದರ ಹಿಂದೊಂದು ಪ್ರಕಟಿಸಿಬಿಟ್ಟಳು.

ಸ್ವಲ್ಪ ಹೊತ್ತಿಗೆ ಕಾವಲುಗಾರ ಮೊಬೈಲು ಹಿಡಿದು ಬಂದ. "ಏನಮ್ಮ, ಮುಖಪುಟದ ತುಂಬ ಮುದುಕರೇ ಕೂತಿದಾರೆ. ಆಚೆ ಬೆಂಚಲ್ಲೂ ಜಾಗ ಬಿಡಲ್ಲ, ಇಲ್ಲೂ ಬಿಡಲ್ಲ."

ನಗಲು ಹೊರಟವಳು ಮುಖಪುಟ ತೆರೆದು ನೋಡಿದಳು. ಐದೂ ಬೀಳ್ಕೊಡುಗೆ. ನೀರಿನ ಸೂಚನೆ ಎಲ್ಲಿ?

ಅದನ್ನು ಹಿಂದಕ್ಕೆ ತೆಗೆದು ಮತ್ತೆ ಪ್ರಕಟಿಸಿ ಪಟ್ಟಿಯ ತುದಿಗೇರಿಸಿದಳು. ಚುರುಕು ಬೆರಳುಗಳು ಅಕ್ಷರ ತಪ್ಪುತ್ತಿದ್ದವು. ಅಕ್ಕನಿಗೆ ಫೋನು ಮಾಡಿದರೆ ಅದು ಬಡಿದುಕೊಂಡೇ ಇತ್ತು, ಎತ್ತುವವರಿಲ್ಲ. "ಮೇಲಿನ ಬೀದಿಗೆ ಮೈಕಿನ ಗಾಡಿ ಕಳಿಸೋಕೆ ಹೇಳಪ್ಪ ಸಾಹೇಬರಿಗೆ," ಎಂದು ಕಾವಲುಗಾರನಿಗೆ ಹೇಳಿ, ಕಚೇರಿಯ ಕುಡಿಯುವ ನೀರಿನ ಕ್ಯಾನೊಂದನ್ನು ಎತ್ತಿಕೊಂಡು ಸಿಕ್ಕ ಆಟೋ ಹತ್ತಿದಳು.

"ಏನೇ, ದೆವ್ವ ಕಂಡವಳ ಹಾಗೆ ಬಂದೆ?" ಎಂದಳು ಅಕ್ಕ.

"ಮಕ್ಕಳಿಗೆ ನಲ್ಲಿ ನೀರು ಕೊಟ್ಯಾ?"

"ನಿನ್ನ ಪಟ್ಟಿ ನೋಡೇ ಹಿಡಿದೆ. ಅವರ ಬೀಳ್ಕೊಡುಗೆ ಇವರ ಬೀಳ್ಕೊಡುಗೆ ಅಂತಿತ್ತು, ನೀರಿನ ಸುದ್ದಿನೇ ಇರ್ಲಿಲ್ಲ." ತಂಗಿಯ ಮುಖ ನೋಡಿ ಅಕ್ಕನ ದನಿ ಇಳಿಯಿತು. "ಡುಮ್ಮಿ ಒಬ್ಬಳೇ ಕುಡಿದಿದ್ದು. ಉಳಿದವರಿಗೆ ಹಾಲಿನ ಪುಡಿ ಇನ್ನೂ ಕಲಸಿಲ್ಲ."

ಡುಮ್ಮಿಗೆ ಮಾತು ಇನ್ನೂ ತೊದಲು. ಬೀದಿ ಕೊನೆಯ ಡಾಕ್ಟರು ಕಣ್ಣು, ನಾಲಿಗೆ ನೋಡಿ, ಏನೂ ಆಗಲಿಕ್ಕಿಲ್ಲ, ಆದರೆ ವಾಂತಿಯಾದರೆ, ಮಂಕಾದರೆ ತಕ್ಷಣ ಕರೆತನ್ನಿ, ಬೆಳಗಿನವರೆಗೂ ಒಂದು ಕಣ್ಣಿಟ್ಟಿರಿ ಎಂದರು.

ಮಧ್ಯಾಹ್ನ ಡುಮ್ಮಿ ಆಕಳಿಸಿ ಚಾಪೆಯ ಮೇಲೆ ಉರುಳಿಕೊಂಡಳು. ಬೆರಳಮ್ಮ ಅವಳ ಮುಖಕ್ಕೆ ಬಾಗಿದಳು. ಇದು ನಿದ್ದೆಯೋ, ಡಾಕ್ಟರು ಹೇಳಿದ ಮಂಕೋ?

"ಎಬ್ಬಿಸೇ ಅಕ್ಕ."

"ದಿನಾ ಮಲಗೋ ಹೊತ್ತು ಕಣೇ ಇದು."

"ಎಬ್ಬಿಸು ಅಂದ್ನಲ್ಲ."

ಎಬ್ಬಿಸಿದರೆ ಮಗು ಕಿರುಚಿತು. ಬಿಟ್ಟರೆ ಮಲಗಿತು. ಅಳು ಕೇಳಿದಾಗ ಇವಳಿಗೆ ಸಮಾಧಾನ, ಸುಮ್ಮನಾದಾಗ ಮತ್ತೆ ದಿಗಿಲು. ಪುಟ್ಟ ಹೊಟ್ಟೆಯ ಮೇಲೆ ಅಂಗೈ ಇಟ್ಟು ಅದು ಏರಿಳಿಯುವುದನ್ನೇ ಕಾಯುತ್ತ ಕೂತಳು. ಹೊರಗೆ ಮೈಕಿನ ಗಾಡಿ ಕೂಗಿಕೊಂಡು ಹೋಯಿತು.

ಸುದ್ದಿ ತಲುಪಿ ಹೊಲಿಗೆ ಕಾರ್ಖಾನೆಯಿಂದ ಡುಮ್ಮಿಯ ತಾಯಿ ಓಡಿಬಂದಳು. ಅಕ್ಕ ಬಾಯಿ ತೆರೆಯುವ ಮೊದಲೇ ಬೆರಳಮ್ಮ ಎಲ್ಲ ಹೇಳಿದಳು; ಮುದುಕರ ಜಗಳವನ್ನೂ ಬಿಡಲಿಲ್ಲ. ತಾಯಿ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು.

"ಎಷ್ಟು ಜನಕ್ಕೆ ಬೀಳ್ಕೊಡುಗೆ ಕೊಟ್ರಿ ಅಂದ್ರಿ?"

"ಐದು ಜನಕ್ಕೆ."

"ಆರನೇದು ಇವಳದ್ದಾಗಿದ್ರೆ?"

ಮಗು ಕಣ್ಣುಜ್ಜಿಕೊಂಡು ತಾಯಿಯ ಕಿವಿಯೋಲೆ ಹಿಡಿದೆಳೆಯಿತು. ತಾಯಿ ಅದರ ಕಣ್ಣನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದಳು.

"ಬೆಳಗಿನವರೆಗೂ ನೋಡ್ಬೇಕಾ?"

"ಹೌದು. ನಾನೂ ಬರ್ತೀನಿ ನಿಮ್ಮನೆಗೆ."

"ಏನೂ ಬೇಡ."

ಮೆಟ್ಟಿಲಿಳಿದು ಬೀದಿಗೆ ಹೋದವಳು ಅಲ್ಲೇ ನಿಂತಳು. ತಿರುಗಿ ನೋಡದೆ, "ನಮ್ಮನೇಲೂ ಅದೇ ನೀರು. ಬರೋ ಹಾಗಿದ್ರೆ ಆ ಕ್ಯಾನು ತಗೊಂಡು ಬನ್ನಿ," ಎಂದಳು.

ಬೆರಳಮ್ಮ ಕ್ಯಾನನ್ನು ಸೊಂಟಕ್ಕೆ ಒತ್ತಿಕೊಂಡು, ಡುಮ್ಮಿಯ ಮುಖ ಕಾಣುವಷ್ಟೇ ದೂರದಲ್ಲಿ, ಹಿಂದೆ ಹಿಂದೆ ನಡೆದಳು.